ಆರನೇ ತಟ್ಟೆಗೆ ಕುಂಕುಮವಿಲ್ಲ

"ಇದಕ್ಕೆ ಕುಂಕುಮ ಹಚ್ಚಿದ್ದು ಯಾರು?"

ಸಬ್ ಇನ್‌ಸ್ಪೆಕ್ಟರ್ ಮಧುಶ್ರೀ ಕೇಳುತ್ತಿದ್ದದ್ದು ಮೂರನೇ ಸಲ. ಮೊದಲ ಸಲ ಕೇಳಿದಾಗ ಡಾಕ್ಟರ್ ಸೋಮಶೇಖರ್ ತಮ್ಮ ಪಿಎಚ್‌ಡಿ ಯಾವ ವಿಷಯದಲ್ಲಿ ಎಂದು ಹೇಳಿದ್ದರು. ಎರಡನೇ ಸಲಕ್ಕೆ, ಪೊಲೀಸರು ಬೂಟು ಬಿಚ್ಚದೆ ಲ್ಯಾಬಿನೊಳಗೆ ಬಂದದ್ದರ ಬಗ್ಗೆ ಬೇಸರಪಟ್ಟಿದ್ದರು.

ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಎದುರಿಗೆ ಫ್ರಿಜ್ಜಿನಷ್ಟು ಎತ್ತರದ ಸ್ಟೀಲ್ ಪೆಟ್ಟಿಗೆ, ಬಾಗಿಲು ತೆರೆದಿತ್ತು. ಒಳಗಿನಿಂದ ಮೈಯ ಬಿಸಿಯಷ್ಟೇ ಬಿಸಿಯಾದ ಗಾಳಿ ಬರುತ್ತಿತ್ತು. ಜೀವಕೋಶಗಳನ್ನು ಬೆಳೆಸುವ ಪೆಟ್ಟಿಗೆ ಅದು. ಅದರ ತಳದಲ್ಲಿ ನೀರು ತುಂಬಿದ ಒಂದು ಟ್ರೇ ಇತ್ತು. ಟ್ರೇಯ ಅಂಚಿನ ಮೂಲೆಯಲ್ಲಿ, ಬೆರಳಿನ ಉಗುರಿನಷ್ಟು, ಕೆಂಪು.

"ಮೇಡಂ, ಅದು ನೀರಿನ ಟ್ರೇ. ಅದಕ್ಕೂ ಈ ಕೇಸಿಗೂ ಏನ್ ಸಂಬಂಧ? ಆರೋಪಿ ಅಲ್ಲಿ ಕೂತಿದ್ದಾಳೆ, ನೀವು ಇಲ್ಲಿ ಟ್ರೇ ನೋಡ್ತಿದ್ದೀರಿ."

ಆರೋಪಿ ಎಂದದ್ದು ಚಂದ್ರಿಕಾಳನ್ನು. ಲ್ಯಾಬಿನ ಟೆಕ್ನಿಷಿಯನ್. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಎಚ್.ಡಿ. ಕೋಟೆಯ ಕಾಡಂಚಿನ ಆದಿವಾಸಿ ಹಾಡಿಯಿಂದ ಬಿಎಸ್ಸಿ ಮುಗಿಸಿದವಳು ಇವಳೊಬ್ಬಳೇ. ಮೂರು ದಿನದಿಂದ ಅವಳು ಮಾತಾಡಿದ್ದು ಒಂದೇ ವಾಕ್ಯ: "ನಾನು ಉಪ್ಪು ಹಾಕಿಲ್ಲ."

ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಬೆಂಕಿಯ ಮುಂದೆ ಬೆವರುವ ಕೂಲಿಗಳಿಗೆ ಒಂದು ಕಂಪನಿ ನೀರಿಗೆ ಬೆರೆಸಿ ಕುಡಿಯುವ ಉಪ್ಪಿನ ಪುಡಿ ಹಂಚುತ್ತಿತ್ತು. ಅದು ಮೂತ್ರಪಿಂಡಕ್ಕೆ ಕೆಟ್ಟದ್ದೋ ಅಲ್ಲವೋ ಎಂದು ಹುಣಸೂರಿನ ಈ ಲ್ಯಾಬಿನಲ್ಲಿ, ಮೂತ್ರಪಿಂಡದ ಕೋಶ ಬೆಳೆಸಿದ ಆರು ತಟ್ಟೆಗಳಲ್ಲಿ ಪರೀಕ್ಷೆ ನಡೆದಿತ್ತು. ಅವುಗಳಲ್ಲಿ ಐದಕ್ಕೆ ಚಂದ್ರಿಕಾ ಉಪ್ಪು ಸುರಿದು ಕೆಡಿಸಿದಳೆಂದು ಸೋಮಶೇಖರ್ ದೂರು ಬರೆದುಕೊಟ್ಟಿದ್ದರು. ಅವಳ ಅಣ್ಣ ಮಾದೇಶ ಪಿರಿಯಾಪಟ್ಟಣದ ಕಡೆಯ ಬ್ಯಾರನ್‌ಗಳಲ್ಲಿ ಎರಡು ವರ್ಷ ಅದೇ ಪುಡಿ ಕುಡಿದವನು. ಈಗ ಅವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್. 'ಸೇಡು' ಎಂಬ ಪದದ ಕೆಳಗೆ ದೂರಿನಲ್ಲಿ ಎರಡು ಗೆರೆ ಎಳೆದಿತ್ತು.

"ಇವತ್ತು ಗುರುವಾರ, ಐದು ಗಂಟೆಗೆ ನನ್ನ ವರದಿ ಕಂಪನಿಗೆ ಹೋಗ್ಬೇಕು," ಸೋಮಶೇಖರ್ ಗಡಿಯಾರ ನೋಡಿದರು. ಮೂರು ಇಪ್ಪತ್ತು. "ನಾಳೆಯಿಂದ ಎಲ್ಲಾ ಬ್ಯಾರನ್‌ಗೂ ಪುಡಿ ಹೊರಡುತ್ತೆ. ಅಷ್ಟರೊಳಗೆ ಎಫ್‌ಐಆರ್ ಆಗ್ಲೇಬೇಕು."

"ಐದು ತಟ್ಟೆ ಕೆಟ್ಟ ಮೇಲೂ ವರದಿನಾ?"

"ಆರನೇದು ಉಳಿದಿದೆಯಲ್ಲ! ಅವಳ ಕೈಗೆ ಸಿಗದೆ ಉಳಿದ ತಟ್ಟೆ. ಮೊದಲ ಮೂರಕ್ಕೆ ಪುಡಿಯನ್ನೇ ಹಾಕಿರಲಿಲ್ಲ, ಸಾದಾ. ನಾಲ್ಕಕ್ಕೆ ಸ್ವಲ್ಪ, ಐದಕ್ಕೆ ಇನ್ನೊಂದಿಷ್ಟು, ಆರನೇದಕ್ಕೆ ಅತಿ ಹೆಚ್ಚು. ಅತಿ ಹೆಚ್ಚು ಪುಡಿ ಹಾಕಿದ ತಟ್ಟೆಯಲ್ಲೇ ಕೋಶಗಳು ಚೆನ್ನಾಗಿವೆ ಅಂದ್ರೆ ಪುಡಿ ಪಾಸ್. ಅಷ್ಟೇ."

ಮಧುಶ್ರೀ ಎದ್ದು ನಿಂತಳು. ಮೊಣಕಾಲು ನೋಯುತ್ತಿತ್ತು. ಬಾಗಿಲ ಬಳಿ ಹೆಡ್ ಕಾನ್ಸ್‌ಟೇಬಲ್ ಕಂಠಪ್ಪ ಮಹಜರು ಬರೆಯುತ್ತಿದ್ದರು. ಇನ್ನೂ ಮೊದಲ ಹಾಳೆಯಲ್ಲೇ ಇದ್ದರು.

"ಕಂಠಪ್ಪ, ಎಲ್ಲಿಗೆ ಬಂತು?"

"ಗ್ರಾಹಕ ಅನ್ನೋದ್ರ ತಾವ ನಿಂತದೆ ಮೇಡಂ. ಗ್ರಾಹಕ ಅಂದ್ರೆ ಗಿರಾಕಿ ಅಲ್ವಾ? ಮೂತ್ರಪಿಂಡಕ್ಕೆ ಗಿರಾಕಿ ಯಾರು ಅಂತ ಬರೀಲಿ?"

ಅವಳು ಕಣ್ಣು ಮುಚ್ಚಿ ತೆರೆದಳು. "ಡಾಕ್ಟ್ರೇ, ಇನ್ನೊಂದು ಸಲ ಹೇಳಿ. ಇವರಿಗೆ ಅರ್ಥ ಆಗೋ ಹಾಗೆ. ನನಗೂ."

ಸೋಮಶೇಖರ್ ನಿಟ್ಟುಸಿರು ಬಿಟ್ಟು ಬಿಳಿ ಹಲಗೆಯ ಮೇಲೆ ಒಂದು ವೃತ್ತ ಬರೆದರು.

"ಇದು ಮೂತ್ರಪಿಂಡದ ಒಂದು ಕೋಶ. ಮೈಯಲ್ಲಿ ನೀರು ಕಮ್ಮಿಯಾದಾಗ ಮಿದುಳು ಒಂದು ಹಾರ್ಮೋನ್ ಕಳಿಸುತ್ತೆ, ನೀರು ಹೊರಗೆ ಬಿಡಬೇಡ, ಉಳಿಸ್ಕೋ ಅಂತ. ಆ ಹಾರ್ಮೋನ್ ಬಂದು ಕೂರೋದಕ್ಕೆ ಕೋಶದ ಮೈಮೇಲೆ ಒಂದು ಜಾಗ ಬೇಕು. ಅದೇ ಗ್ರಾಹಕ. ಕೋಶದ ಸುತ್ತಲಿನ ದ್ರವದಲ್ಲಿ ಉಪ್ಪು ಏರಿದ್ರೆ ಕೋಶದೊಳಗಿನ ನೀರು ಹೊರಗೆ ಎಳೆದುಕೊಂಡು ಹೋಗುತ್ತೆ, ಕೋಶ ಕಷ್ಟಕ್ಕೆ ಬೀಳುತ್ತೆ. ಆಗ ಗ್ರಾಹಕಗಳ ಲೆಕ್ಕ ಬದಲಾಗುತ್ತೆ. ನಾವು ಬೆಳೆಸೋ ಕೋಶಗಳಲ್ಲಿ ಅದು ಏರುತ್ತೆ. ಸೋಮವಾರ ಹನ್ನೊಂದಕ್ಕೆ ಅಳೆದಾಗ ಐದು ತಟ್ಟೇಲೂ ಎರಡರಷ್ಟು ಏರಿತ್ತು. ದ್ರವದ ಉಪ್ಪೂ ಏರಿತ್ತು. ಆರನೇದು ಮಾತ್ರ ಮಾಮೂಲಿ."

"ಎಷ್ಟು ಹೊತ್ತಿಗೆ ಏರುತ್ತೆ?"

"ಏನು?"

"ಗ್ರಾಹಕ. ಉಪ್ಪು ಬಿದ್ದ ಎಷ್ಟು ಹೊತ್ತಿಗೆ?"

"ಅದು ಪ್ರೋಟೀನು ಮೇಡಂ. ಕೋಶ ಅದನ್ನ ತಯಾರು ಮಾಡ್ಬೇಕು. ಎರಡು ದಿನವಾದ್ರೂ ಬೇಕು."

"ಚಂದ್ರಿಕಾ ಸೋಮವಾರ ಬಂದದ್ದು ಎಂಟು ಹತ್ತಕ್ಕೆ. ನೀವು ಅಳೆದದ್ದು ಹನ್ನೊಂದಕ್ಕೆ. ಮೂರು ಗಂಟೆ ಕೂಡ ಆಗಲ್ಲ."

"ಹಾಗಾದ್ರೆ ಹೋದ ಗುರುವಾರ ಹಾಕಿದ್ದಾಳೆ. ಸಾಯಂಕಾಲ ಐದು ಗಂಟೆಗೆ ನಾನು ಅಳೆದಾಗ ಆರೂ ಸರಿಯಿದ್ವು. ಆಮೇಲೆ ಒಂದು ಗಂಟೆ ಇವಳೊಬ್ಳೇ ಇದ್ದಳು."

"ನೀವು ಅಳೆದಷ್ಟು ಉಪ್ಪು ಒಂದೇ ಸಲ ಸುರಿದ್ರೆ ಕೋಶ ಏನಾಗುತ್ತೆ?"

ಸೋಮಶೇಖರ್ ಹಲಗೆಯ ಮೇಲಿನ ವೃತ್ತವನ್ನು ನೋಡಿದರು. "ಮುದುರಿ ಸಾಯುತ್ತೆ," ಎಂದರು ನಿಧಾನಕ್ಕೆ.

"ಸತ್ತಿದ್ವಾ?"

"ಇಲ್ಲ. ಬದುಕಿದ್ವು. ನಿಧಾನಕ್ಕೆ ಏರಿದ್ರೆ ಹೊಂದಿಕೊಂಡು ಬದುಕುತ್ವೆ."

"ಅಂದ್ರೆ ಚಂದ್ರಿಕಾ ಹಬ್ಬದ ಮೂರು ದಿನ, ಬೀಗ ಹಾಕಿದ ಲ್ಯಾಬಿನೊಳಗೆ, ಗಂಟೆಗೊಂದು ಚಿಟಿಕೆ ಉಪ್ಪು ಉದುರಿಸ್ತಾ ಕೂತಿದ್ಳು. ಹಾಗಂತ ಎಫ್‌ಐಆರ್‌ನಲ್ಲಿ ಬರೀಲಾ?"

ಚಂದ್ರಿಕಾ ತಲೆಯೆತ್ತಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಮಾಧಾನ ಇರಬೇಕಿತ್ತು. ಇರಲಿಲ್ಲ, ಹೆದರಿಕೆಯಿತ್ತು. ಅದು ಮಧುಶ್ರೀಯ ಮನಸ್ಸಿಗೆ ಸಣ್ಣ ಮುಳ್ಳಿನಂತೆ ಚುಚ್ಚಿತು. ಈ ಹುಡುಗಿಗೂ ಏನು ಬಂದಿದೆ ರೋಗ! ಅವಳ ಪರವಾಗಿ ಹಗ್ಗ ಎಳೆಯುತ್ತಿದ್ದರೆ ಅವಳೇ ಹೆದರುತ್ತಾಳಲ್ಲ!

"ಈಗ ನಾಲ್ಕನೇ ಸಲ ಕೇಳ್ತೀನಿ. ಆ ಟ್ರೇಗೆ ಕುಂಕುಮ ಹಚ್ಚಿದ್ದು ಯಾರು?"

"ಅದು ಅಟೆಂಡರ್ ಕೆಲಸ. ನಾನು ಅದನ್ನೆಲ್ಲ ನೋಡಲ್ಲ," ಎಂದರು ಸೋಮಶೇಖರ್.

ಅಟೆಂಡರ್ ಗಂಗಾಧರಪ್ಪ ಪಕ್ಕದ ಕೋಣೆಯಲ್ಲಿ ಗಾಜಿನ ಸೀಸೆ ತೊಳೆಯುತ್ತಿದ್ದರು. ಭೇರ್ಯದವರು, ರಿಟೈರಾಗಲು ಒಂದು ವರ್ಷ ಬಾಕಿ. ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ ಬಂದು ಸೋಮಶೇಖರರ ಮುಖವನ್ನು ಮೊದಲು ನೋಡಿದರು, ಆಮೇಲೆ ಪೊಲೀಸರದ್ದು.

"ನಾನೇ ಕಣ್ರವ್ವ ಮಡಗಿದ್ದು. ಓದ್ ಸುಕ್ರವಾರ ಆಯುಧಪೂಜೆ ಅಲ್ವ್ರಾ? ಕುಂಬಳಕಾಯಿ ನಾನೇ ತಂದಿದ್ದು. ನಿಂಬೆಹಣ್ಣು ಸಣ್ಣವಾಗೋಗಿದ್ವು, ಅದ್ಕೆ ಏನಾರಾ..."

"ನಿಂಬೆಹಣ್ಣು ಬಿಡಿ. ಟ್ರೇನ ಏನು ಮಾಡಿದ್ರಿ?"

"ಏನ್ ಮಾಡನ? ಎಲ್ಲಾ ಮಿಸೀನ್ಗೂ ಮಾಡ್ದಂಗೆ ಮಾಡ್ದೆ. ಈಚ್ಗೆ ತಗುದು, ನೀರು ಚೆಲ್ಲಿ, ಉಣಸೆಹಣ್ಣು ಆಕಿ ಉಜ್ಜಿ, ಒರ್ಸಿ, ಈಬೂತಿ ಬಳ್ದು ಕುಂಕುಮ ಮಡಗಿ ತಿರ್ಗ ಒಳೀಕಿಟ್ಟೆ."

"ನೀರು ತುಂಬಿಸಿ ಇಟ್ರಾ?"

ಗಂಗಾಧರಪ್ಪ ಅವಳನ್ನು ಕನಿಕರದಿಂದ ನೋಡಿದರು. "ಪೂಜೆ ಆದ್ಮೇಲೆ ಆಯುಧನ ಕೆಲ್ಸಕ್ಕಚ್ತಾರಾ ಅವ್ವ? ಅವಕ್ಕೂ ರಜ ಅಲ್ವ್ರಾ? ಸ್ವಾಮಾರ ಒಂಬತ್ಗಂಟೆಗೆ ಬಂದು, ಪೂಜೆ ತೆಗುದು, ಎಲ್ಲಾ ಒರ್ಸಿ, ಆಮೇಲೆ ನೀರು ಉಯ್ದೆ."

"ಶುಕ್ರವಾರ, ಶನಿವಾರ, ಭಾನುವಾರ. ಮೂರು ದಿನ ಟ್ರೇ ಖಾಲಿ."

"ಖಾಲಿ ಅಲ್ಲ ಕಣ್ರವ್ವ, ಒಂದು ಊವ ಮಡಗಿದ್ದೆ."

ಸೋಮಶೇಖರ್ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಗಂಗಾಧರಪ್ಪ! ಆ ನೀರು ಇರೋದೇ ಒಳಗಿನ ಗಾಳಿ ಒಣಗ್ಬಾರ್ದು ಅಂತ ಕಣ್ರೀ! ನೀರಿಲ್ಲದಿದ್ರೆ ತಟ್ಟೆಗಳು ಒಣಗುತ್ವೆ! ನೀರು ಆವಿಯಾಗುತ್ತೆ, ಉಪ್ಪು ಉಳಿಯುತ್ತೆ, ಗಂಟೆಗಂಟೆಗೂ ಉಪ್ಪು ಗಟ್ಟಿಯಾಗ್ತಾ..." ಅವರು ತಮ್ಮ ಮಾತನ್ನು ತಾವೇ ಕೇಳಿಸಿಕೊಂಡು ನಿಲ್ಲಿಸಿದರು. "ಯಾಕ್ರೀ ಹೇಳ್ಲಿಲ್ಲ?"

"ನೀವು ಕೇಳ್ನಿಲ್ವಲ್ಲ ಸಾ. ನೀವು ಈ ಎಣ್ಮಗೀನ್ನೇ ಕೇಳ್ತಾ ಇದ್ರಿ. ಓದ್ ವರ್ಸಾನೂ ಇಂಗೇ ಮಾಡಿದ್ದೆ."

"ಹೋದ ವರ್ಷ ಒಳಗೆ ತಟ್ಟೆ ಇರ್ಲಿಲ್ಲ!"

"ಅದ್ನ ನಂಗೆ ಯಾರ್ ಏಳಿದ್ರು?"

ಕಂಠಪ್ಪ ಪೆನ್ನು ಎತ್ತಿ ಹಿಡಿದು, "ಇದೂ ಮಹಜರ್ಗೆ ಬರ್ಕಳ್ಳಾ ಮೇಡಂ, ಊವ ಮಡಗಿದ್ದು?" ಎಂದರು.

"ಬರೀರಿ ಕಂಠಪ್ಪ. ಹೂವು, ಹುಣಸೆಹಣ್ಣು, ವಿಭೂತಿ, ಎಲ್ಲಾ ಬರೀರಿ. ಮೂರು ದಿನದಿಂದ ಒಬ್ಬ ಹುಡುಗಿನ ಕೂರಿಸ್ಕೊಂಡು ಪ್ರಶ್ನೆ ಕೇಳಿದ್ದೀವಿ. ಪೆಟ್ಟಿಗೆ ತೊಳೆಯೋ ಮನುಷ್ಯನ್ನ ಯಾರಾದ್ರೂ ಒಂದು ಮಾತು ಕೇಳಿದೀವಾ? ನಾನೂ ಕೇಳ್ಲಿಲ್ಲ. ಅದನ್ನೂ ಬರೀರಿ."

ಸೋಮಶೇಖರ್ ಮುಖ ಒರೆಸಿಕೊಂಡರು. ಪಾಪ, ತಪ್ಪು ಒಪ್ಪಿಕೊಳ್ಳುತ್ತಾರೆಂದು ಮಧುಶ್ರೀ ಒಂದು ಕ್ಷಣ ಅಂದುಕೊಂಡಳು.

"ಸರಿ," ಎಂದರು ಅವರು. "ದೂರು ವಾಪಸ್ ತಗೋತೀನಿ. ಹೇಗೂ ಆರನೇದು ಸರಿಯಿದೆ, ವರದಿ ಐದು ಗಂಟೆಗೆ ಹೋಗುತ್ತೆ. ಎಲ್ಲಾ ಒಳ್ಳೇದೇ ಆಯ್ತು."

ಅವಳಿಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ.

"ಡಾಕ್ಟ್ರೇ, ಒಂದೇ ಪೆಟ್ಟಿಗೆ. ಒಂದೇ ಗಾಳಿ. ಐದು ತಟ್ಟೆ ಒಣಗಿದ್ವು. ಆರನೇದಕ್ಕೆ ಮಾತ್ರ ಯಾರು ನೀರು ಕುಡಿಸ್ತಿದ್ರು?"

ಸೋಮಶೇಖರ್ ಮತ್ತೆ ಗಡಿಯಾರ ನೋಡಿದರು. ಅವಳು ನಿಲ್ಲಿಸಲಿಲ್ಲ.

"ಪುಡಿಯನ್ನೇ ಹಾಕದ ಸಾದಾ ತಟ್ಟೆಗಳೂ ಎರಡರಷ್ಟು ಏರಿವೆ. ಅತಿ ಹೆಚ್ಚು ಉಪ್ಪು ಹಾಕಿದ್ದು ಮಾತ್ರ ಮದುವೆ ಮನೆಯಿಂದ ಬಂದಂಗಿದೆ. ನಾನು ಬಿಎಸ್ಸಿಲಿ ಸೆಕೆಂಡ್ ಕ್ಲಾಸ್. ನನಗೇ ಹೊಳೀತಿದೆ."

ಅವಳು ಸಾಕ್ಷ್ಯವೆಂದು ಕಟ್ಟಿಟ್ಟಿದ್ದ ಆರು ಕವರುಗಳನ್ನು ಕಂಠಪ್ಪನಿಂದ ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳು, ಪ್ರತಿಯೊಂದಕ್ಕೂ ಮುಚ್ಚಳ. ಕಿಟಕಿಯ ಬೆಳಕಿಗೆ ಒಂದೊಂದನ್ನೇ ಓರೆಯಾಗಿ ಹಿಡಿದು ನೋಡಿದಳು. ಸೋಮವಾರದಿಂದ ಇವು ಅವಳ ಬಳಿಯೇ ಇದ್ದವು. ಸಂಖ್ಯೆ ನೋಡಿದ್ದಳು, ಬರಹ ನೋಡಿದ್ದಳು, ಒಳಗೆ ನೋಡಿದ್ದಳು. ಮುಚ್ಚಳವನ್ನಷ್ಟೇ ನೋಡಿರಲಿಲ್ಲ.

"ಗಂಗಾಧರಪ್ನೋರೇ, ಪೂಜೆ ದಿನ ಈ ತಟ್ಟೆಗಳು ಒಳಗಿದ್ವಲ್ಲ. ಅವನ್ನ ಏನು ಮಾಡಿದ್ರಿ?"

"ಮುಚ್ಲ ತೆಗೀನಿಲ್ಲ ಕಣ್ರವ್ವ, ದೇವ್ರಾಣೆ. ಮ್ಯಾಲೆ ಒಂದೊಂದು ಬೊಟ್ಟು ಇಕ್ಕಿದೆ. ಸ್ವಾಮಾರ ಒರಸ್ಬುಟ್ಟೆ. ಸಾಹೇಬ್ರು ಬೈತಾರೆ ಅಂತ."

"ಎಷ್ಟು ಬೊಟ್ಟು?"

"ಐದು."

"ಆರಲ್ವಾ?"

"ಐದೇ ಕಣ್ರವ್ವ. ಐದು ತಟ್ಟೆ, ಐದು ಬೊಟ್ಟು. ಪಂಚಮುಖ ಇದ್ದಂಗದೆ ಅಂತ ಕೈ ಮುಕ್ಕಂಡೆ."

ಒಂದರಿಂದ ಐದರವರೆಗಿನ ಮುಚ್ಚಳಗಳ ಮೇಲೆ, ಒರೆಸಿದ ಮೇಲೂ ಹೋಗದೆ ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡ ನಸುಗೆಂಪು ಕಲೆ ಇತ್ತು. ಆರನೆಯದರ ಮುಚ್ಚಳ ಕನ್ನಡಿಯಂತೆ ಶುಭ್ರವಾಗಿತ್ತು.

"ಶುಕ್ರವಾರ ಬೆಳಿಗ್ಗೆ ಆರನೇ ತಟ್ಟೆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ," ಎಂದಳು ಮಧುಶ್ರೀ. "ಸೋಮವಾರ ಬಂದು ಸೇರಿಕೊಂಡಿದೆ. ನೀವು ವರದಿ ಬರೆದಿರೋದು ಯಾವುದೋ ಬೇರೆ ತಟ್ಟೆ ಮೇಲೆ."

ಸೋಮಶೇಖರರ ಮುಖದಲ್ಲಿ ರಕ್ತ ಇಳಿಯಿತು, ತಕ್ಷಣ ಏರಿತು. "ಹಾಗಾದ್ರೆ ಕದ್ದಿದ್ದೂ ಇವಳೇ! ಗುರುವಾರ ಕೊನೆಗೆ ಹೋದವಳು, ಸೋಮವಾರ ಮೊದಲು ಬಂದವಳು!"

"ಅಣ್ಣನ ಸೇಡು ತೀರಿಸಿಕೊಳ್ಳೋಳು ಪುಡಿಗೆ ಒಳ್ಳೇ ಸರ್ಟಿಫಿಕೇಟ್ ಕೊಡಿಸ್ತಾಳಾ? ನೀವೇ ಗೆರೆ ಎಳೆದು ಬರೆದಿದ್ದೀರಲ್ಲ, ಸೇಡು ಅಂತ. ಒಂದು ಕಡೆ ನಿಲ್ಲಿ ಡಾಕ್ಟ್ರೇ. ಕಂಪನಿಗೆ ಫೋನ್ ಮಾಡಿ. ವರದಿ ಇವತ್ತು ಬರಲ್ಲ ಅಂತ ಹೇಳಿ."

"ಆಗಲ್ಲ. ಚೇತನ್ಕುಮಾರ್ ಸುಮ್ನೆ ಬಿಡಲ್ಲ. ಕಂಪನಿ ಕಡೆಯಿಂದ ಇದನ್ನೆಲ್ಲ ನೋಡ್ಕೊಳ್ಳೋದು ಅವರೇ. ಒಂದು ದಿನ ತಡ ಆದ್ರೆ ನೂರು ಪ್ರಶ್ನೆ ಕೇಳ್ತಾರೆ."

"ಕೇಳ್ಲಿ. ನೂರಕ್ಕೂ ನಾನು ಉತ್ತರ ಕೊಡ್ತೀನಿ."

"ನನ್ನ ಹೆಸರು ಏನಾಗುತ್ತೆ ಮೇಡಂ? ಇಪ್ಪತ್ತೆರಡು ವರ್ಷ ಈ ಕೋಶಗಳ ಜೊತೆ ಬಾಳಿದ್ದೀನಿ."

"ನಾಳೆ ಆ ಪುಡಿ ಕುಡಿಯೋ ಜನಕ್ಕೂ ಒಂದೊಂದು ಹೆಸರಿದೆ. ಫೋನ್ ಮಾಡಿ. ಸ್ಪೀಕರ್ ಹಾಕಿ."

ಅವರು ಕೂತರು, ಎದ್ದರು, ಮತ್ತೆ ಕೂತರು. ಬೆರಳು ಎರಡು ಸಲ ತಪ್ಪು ಹೆಸರನ್ನು ಒತ್ತಿತು. ಕಿಟಕಿಯ ಬಳಿ ಸ್ಟೂಲು ಕಿರ್ ಎಂದ ಸದ್ದು ಮಧುಶ್ರೀಗೆ ಕೇಳಿಸಿತು. ಅವಳು ತಿರುಗಲಿಲ್ಲ. ಈ ಮನುಷ್ಯನ ಮೇಲಿಂದ ಕಣ್ಣು ತೆಗೆದರೆ ಮತ್ತೆ ಮನಸ್ಸು ಬದಲಾಯಿಸುತ್ತಾರೆ ಎಂಬ ಭಯ ಅವಳಿಗೆ.

ಎರಡು ರಿಂಗಿಗೇ ಫೋನ್ ಎತ್ತಿದರು.

"ಚೇತನ್, ಸೋಮಶೇಖರ್ ಮಾತಾಡೋದು. ವರದಿ... ಇವತ್ತು ಕೊಡೋಕಾಗಲ್ಲ. ಆರನೇ ತಟ್ಟೆ ಬಗ್ಗೆ ಪೊಲೀಸ್ನೋರಿಗೆ ಅನುಮಾನ ಬಂದಿದೆ."

ಆ ಕಡೆ ಯಾವುದೋ ಗಾಡಿಯ ಎಂಜಿನ್ ಸದ್ದು.

"ಆಯ್ತು."

ಕರೆ ಕಡಿಯಿತು.

ನೂರು ಪ್ರಶ್ನೆ ಕೇಳುವ ಮನುಷ್ಯ ಒಂದನ್ನೂ ಕೇಳಲಿಲ್ಲ. ಸೋಮಶೇಖರ್ ಫೋನನ್ನೇ ನೋಡುತ್ತಿದ್ದರು, ಅದೇ ಏನೋ ತಪ್ಪು ಮಾಡಿದಂತೆ.

ಸ್ಟೂಲು ದಡಾರನೆ ಬಿತ್ತು.

"ಏನ್ ಮಾಡ್ಬಿಟ್ರಿ ಮೇಡಂ?"

ಚಂದ್ರಿಕಾ ನಿಂತಿದ್ದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. "ನಾನು ಬಾಯಿ ಮುಚ್ಕೊಂಡು ಕೂತಿರಲಿಲ್ವಾ? ಜೈಲಿಗೆ ಹಾಕಿ ಅಂತ ಕೂತಿರಲಿಲ್ವಾ? ಐದು ಗಂಟೆವರೆಗೆ ಬಿಟ್ಟಿದ್ರೆ ಆಗಿರೋದಲ್ಲ!"

"ಚಂದ್ರಿಕಾ, ನಿಧಾನಕ್ಕೆ. ಏನಾಗಿರೋದು?"

"ಆರನೇದು ತೆಗ್ದೋಳು ನಾನೇ. ಸರ್ ಕೈಲಿದ್ರೆ ನಿಜ ಬರಲ್ಲ, ಬೇರೆ ಕಡೆ ಪರೀಕ್ಷೆ ಮಾಡಿಸೋರು ಸಿಕ್ಕಿದಾರೆ, ಒಂದು ತಟ್ಟೆ ಕೊಡು ಅಂತ ಅಣ್ಣ ಕೇಳ್ದ. ಹೋದ ಗುರುವಾರ ಸಾಯಂಕಾಲ ಫ್ಲಾಸ್ಕಲ್ಲಿಟ್ಟು ಕೊಟ್ಟೆ. ಸೋಮವಾರ ಬೆಳಿಗ್ಗೆ ನಮ್ಮೂರ ಹತ್ರದ ಹ್ಯಾಂಡ್‌ಪೋಸ್ಟಲ್ಲಿ ಬಸ್ ಹತ್ತುವಾಗ ವಾಪಸ್ ತಂದುಕೊಟ್ಟ. ಮುಖ ನೋಡ್ಲಿಲ್ಲ, ಮಾತಾಡ್ಲಿಲ್ಲ. ಅವನ ಬೆನ್ನಿಗೆ ಅಂಟ್ಕೊಂಡು ಇಬ್ರು ನಿಂತಿದ್ರು. ನಾನು ಇಲ್ಲಿಗೆ ಬಂದು ಒಳಗಿಟ್ಟೆ. ತಟ್ಟೆ ಬದಲಾಗಿದೆ ಅಂತ ಅಳೆದಾಗಲೇ ಗೊತ್ತಾಗಿದ್ದು."

"ಯಾಕೆ ಹೇಳ್ಲಿಲ್ಲ?"

"ಅವತ್ತೇ ಸಾಯಂಕಾಲ ಅಣ್ಣನ ಫೋನಿಂದ ಬೇರೆ ಯಾರೋ ಮಾತಾಡಿದ್ರು. ಈ ಗುರುವಾರ ಐದಕ್ಕೆ ವರದಿ ಕೈಗೆ ಬರ್ಲಿ, ಆರಕ್ಕೆ ನಿಮ್ಮಣ್ಣನ್ನ ಡಯಾಲಿಸಿಸ್ ಬಾಗಿಲಲ್ಲಿ ಇಳಿಸ್ತೀವಿ. ಬರ್ಲಿಲ್ಲ ಅಂದ್ರೆ ಇಳಿಸಲ್ಲ ಅಂದ್ರು."

ಕಂಠಪ್ಪ ಪೆನ್ನು ಕೆಳಗಿಟ್ಟರು.

"ಕೊನೆಯ ಸಲ ಡಯಾಲಿಸಿಸ್ ಆಗಿದ್ದು ಯಾವಾಗ?" ಮಧುಶ್ರೀ ಕೇಳಿದಳು.

"ಶನಿವಾರ. ನಿನ್ನೆ ಆಗ್ಬೇಕಿತ್ತು."

"ಫೋನಲ್ಲಿ ಮಾತಾಡಿದವರು ಯಾರು? ದನಿ ಗುರುತು ಸಿಕ್ಕಿತಾ?"

"ಅವತ್ತು ಸಿಗ್ಲಿಲ್ಲ." ಚಂದ್ರಿಕಾ ಮೇಜಿನ ಮೇಲಿದ್ದ ಸೋಮಶೇಖರರ ಫೋನನ್ನು ನೋಡಿದಳು. "ಈಗ 'ಆಯ್ತು' ಅಂದ್ರಲ್ಲ. ಅದೇ ದನಿ."

ಮಧುಶ್ರೀ ಫೋನ್ ಕಸಿದುಕೊಂಡು ಅದೇ ಹೆಸರನ್ನು ಒತ್ತಿದಳು. ಸ್ವಿಚ್ ಆಫ್. ಇನ್ನೊಮ್ಮೆ ಒತ್ತಿದಳು. ಸ್ವಿಚ್ ಆಫ್.

ಗಡಿಯಾರದಲ್ಲಿ ನಾಲ್ಕು ಗಂಟೆ ಹನ್ನೆರಡು ನಿಮಿಷ.